ಹಾರೆಗೆ ಹೊಟ್ಟೆನೋವು ಬಂದ ಸಂಜೆ

ಪ್ರಿಯ ಗಂಟುಮೋರೆ,

ಹೀಗೆ ಕರೆದರೆ ನಿನಗೆ ಸಿಟ್ಟು ಬರುತ್ತದೆಂದು ಗೊತ್ತು. ಬರಲಿ. ಮುಂದಿನದನ್ನು ಓದಿದ ಮೇಲೆ ಹೇಗೂ ಬರುವುದೇ. ನಿನಗೆ ಕೊಟ್ಟ ಮಾತನ್ನು ನಾನು ನಿನ್ನೆ ಮುರಿದೆ.

ಜಿಮ್ಮಿನವರ ಸಭೆಗೆ ನಿನ್ನನ್ನೂ ಕರೆದಿದ್ದರು, ಮಂಡಿನೋವೆಂದು ನೀನು ಬರಲಿಲ್ಲ. ವಿಷಯ ಹಳೆಯದೇ. ಹಾರೆಯೂ ಜಿಂಕೆಯೂ ಒಂದೇ ರಿಂಗಿಗೆ ಇಳಿದಿದ್ದರೆ ಗೆಲ್ಲುತ್ತಿದ್ದವರು ಯಾರು? ಒಂದೇ ಕಾಲದ ಬಾಕ್ಸರುಗಳು, ಒಂದೇ ತೂಕದವರು, ಆದರೂ ಒಮ್ಮೆಯೂ ಕೈ ಮಿಲಾಯಿಸಲಿಲ್ಲ. ಹಾರೆಯ ಕೈಗೆ ಪಟ್ಟಿ ಕಟ್ಟುತ್ತಿದ್ದವನು ನೀನು, ಜಿಂಕೆಯ ಕೈಗೆ ನಾನು. ಮೂವತ್ತೊಂದು ವರ್ಷದಿಂದ ಈ ವ್ಯಾಜ್ಯಕ್ಕೆ ನಾವೇ ವಕೀಲರು.

ಇಬ್ಬರಿಗೂ ಸೋತಿದ್ದ ಆ ದೈತ್ಯ, ಗೋಡೆ ಎನ್ನುತ್ತಿದ್ದೆವಲ್ಲ, ಅವನೇ ನಮ್ಮ ತಕ್ಕಡಿ. "ಗೋಡೇನ ನಮ್ಮವನು ನಾಲ್ಕೇ ರೌಂಡಲ್ಲಿ ಕೆಡವಿದ, ನಿಮ್ಮವನಿಗೆ ಹತ್ತು ಬೇಕಾಯ್ತು" ಎಂದು ನೀನು ಟೀ ಲೋಟ ಕುಟ್ಟುತ್ತಿದ್ದೆ. "ನಮ್ಮವನ ಮೈಗೆ ಒಂದೇಟೂ ತಾಗ್ಲಿಲ್ಲ, ನಿಮ್ಮವನ ಹುಬ್ಬಿಗೆ ಏಳು ಹೊಲಿಗೆ" ಎಂದು ನಾನು. ಟೀ ಆರಿಹೋದರೂ ನಮ್ಮ ಪಟ್ಟು ಸಡಿಲವಾಗುತ್ತಿರಲಿಲ್ಲ. ಹಾಗೆ ನೋಡಿದರೆ ತಪ್ಪು ನಮ್ಮದಲ್ಲ. ಜಿಂಕೆಯ ಪಾದ ನೆಲಕ್ಕೆ ತಾಗಿದ ಸದ್ದನ್ನು ಯಾರೂ ಕೇಳಿರಲಿಲ್ಲ. ಹಾರೆ ಎದುರಾಳಿಯ ಪಕ್ಕೆಗೆ ಗುದ್ದಿದರೆ ಹಿಂದಿನ ಸಾಲಿನವರು ತಮ್ಮ ಪಕ್ಕೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅಂಥ ಇಬ್ಬರನ್ನು ಒಂದೇ ಕಾಲದಲ್ಲಿ ಕಂಡ ಕಣ್ಣುಗಳು ನಮ್ಮವು. ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ.

ಅವರಿಬ್ಬರ ಪಂದ್ಯ ನಡೆಯಬೇಕಿದ್ದ ಆ ಒಂದು ಸಂಜೆಯನ್ನು ನಿನಗೆ ನೆನಪಿಸಬೇಕಾಗಿಲ್ಲ, ಆದರೂ ಬರೆಯುತ್ತೇನೆ. ಕ್ರೀಡಾಂಗಣ ತುಂಬಿತ್ತು. ಪಟ್ಟಿಯೊಳಗೆ ಮೋಸವಿಲ್ಲವೆಂದು ನೋಡಿ ಸಹಿ ಹಾಕಲು ಎದುರು ಕಡೆಯವರೊಬ್ಬರು ಬರುವುದು ನಮ್ಮಲ್ಲಿ ರೂಢಿ. ಅವತ್ತು ನೀನು ಬಂದೆ. ಜಿಂಕೆ ಬಲಗೈ ಚಾಚಿದ. ನಾಲ್ಕು ಬಾರಿ ಸುತ್ತುವಷ್ಟರಲ್ಲಿ ಗೆಣ್ಣಿನ ಹಿಂದಿನ ಮೂಳೆ ನನ್ನ ಹೆಬ್ಬೆರಳಡಿಯಲ್ಲಿ ಸರಿಯಿತು. ಅದು ಮೊದಲೇ ಮುರಿದಿತ್ತು. ಅವನು ಹಲ್ಲು ಕಚ್ಚಿಕೊಂಡು ಸೂರು ನೋಡುತ್ತಿದ್ದ. ಗಾಯ ಮುಚ್ಚಿಟ್ಟದ್ದು ಗೊತ್ತಾದರೆ ಎರಡು ವರ್ಷ ಅವನನ್ನು ಪಂದ್ಯಗಳಿಂದ ಹೊರಗಿಡುತ್ತಿದ್ದರು. ನನ್ನ ಹೆಬ್ಬೆರಳು ಅಲ್ಲೇ ನಿಂತಿತು. ನೀನು ಅದನ್ನು ನೋಡಿದೆ. ನಾನು ಬಾಯಿ ಮುಚ್ಚಿಕೊಂಡು ಪಟ್ಟಿ ಕಟ್ಟಿ ಮುಗಿಸಿದೆ. ನೀನೂ ಮಾತಾಡದೆ ಸಹಿ ಹಾಕಿ ಹೋದೆ.

ಅರ್ಧ ಗಂಟೆಯಲ್ಲಿ ಸುದ್ದಿ ಬಂತು: ಹಾರೆಗೆ ಹೊಟ್ಟೆನೋವು, ಪಂದ್ಯ ಇಲ್ಲ. ಜನ ಕುರ್ಚಿ ಮುರಿದರು. ಹಿಂಬಾಗಿಲ ಮೆಟ್ಟಿಲ ಮೇಲೆ ನೀನು ನನ್ನ ತೋಳು ಹಿಡಿದು, ನೀನು ಕಂಡದ್ದನ್ನು ತಿಳಿಸಿದಾಗ ಹಾರೆ ಏನೆಂದನೆಂದು ಹೇಳಿದೆ. "ಮುರಿದ ಕೈಯವನನ್ನ ಹೊಡೆದು ಗೆದ್ದೆ ಅಂತ ಮನೇಲಿ ಯಾವ ಮುಖದಲ್ಲಿ ಹೇಳ್ಲಿ? ವಿಷಯ ಹೊರಗೆ ಬಿದ್ರೆ ಆ ಹುಡುಗನ ಕಥೆ ಮುಗೀತು. ನಂಗೆ ಹೊಟ್ಟೆನೋವು ಅಂತ ಹೇಳ್ಬಿಡಿ." ಹಾರೆ ತಾನಾಗಿ ಹೇಳುವವರೆಗೆ ನಾನೂ ಹೇಳಬಾರದೆಂದು ನೀನು ಮಾತು ತೆಗೆದುಕೊಂಡೆ.

ಅವನು ಹೇಳಲೇ ಇಲ್ಲ. ಕಾರಣವಿಲ್ಲದೆ ಹಿಂದೆ ಸರಿದನೆಂದು ಅವನನ್ನೇ ಒಂದು ವರ್ಷ ಹೊರಗಿಟ್ಟರು. ಅವನು ಮರಳುವಷ್ಟರಲ್ಲಿ ಜಿಂಕೆ ಮೇಲಿನ ತೂಕಕ್ಕೆ ಹೋಗಿದ್ದ. ಹೊಟ್ಟೆನೋವು ಮಾತ್ರ ಹಾರೆಯ ಬೆನ್ನು ಬಿಡಲಿಲ್ಲ. ಮಗಳ ಮದುವೆಯ ಊಟದಲ್ಲೂ ಯಾರೋ "ನಿಧಾನ ಅಣ್ಣ, ಹೊಟ್ಟೆ ಜೋಪಾನ" ಎಂದರು. ಏನೂ ಅರಿಯದ ಜಿಂಕೆ, ತನ್ನ ಹೆಸರು ಕೇಳಿಯೇ ಹಾರೆಯ ಹೊಟ್ಟೆ ಕೆಟ್ಟಿತೆಂದು ಊರೆಲ್ಲ ಹೇಳಿಕೊಂಡು ತಿರುಗಿದ. ಪಕ್ಕದಲ್ಲಿ ನಿಂತು ನಾನೂ ನಕ್ಕಿದ್ದೇನೆ. ಅದಕ್ಕೆ ನನಗೆ ಕ್ಷಮೆಯಿಲ್ಲ.

ನಿನ್ನೆ ಹಾರೆ ಮಗಳ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದ, ಮೊಣಕಾಲುಗಳ ನಡುವೆ ಊರುಗೋಲು. ಜಿಂಕೆ ವೇದಿಕೆಯ ಮೇಲಿದ್ದ. ಪತ್ರಿಕೆಯವನೊಬ್ಬ ಎದ್ದು, "ಹಾರೆಯವರೇ ಗೆಲ್ತಿದ್ರು, ಹೊಟ್ಟೆ ಒಪ್ಪಿದ್ರೆ" ಎಂದ. ಸಭೆ ಗೊಳ್ಳೆಂದಿತು. ಹಾರೆಯೂ ನಕ್ಕ. ಮಗಳು ನಗಲಿಲ್ಲ. ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದು ನೆಲ ನೋಡುತ್ತಿದ್ದಳು. ಮುಂದಿನ ಸರದಿ ನನ್ನದು, ಜಿಂಕೆಯ ಪರ ವಾದಿಸಬೇಕಿತ್ತು. ಆ ಹೆಣ್ಣುಮಗಳ ಮುಖ ನೋಡಿದ ಮೇಲೆ ನನ್ನಿಂದಾಗಲಿಲ್ಲ. ಮೈಕ್ ಹಿಡಿದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

"ಇವನ ಬಾಯಿಗೂ ಒಂದು ಪಟ್ಟಿ ಕಟ್ಟಬೇಕಿತ್ತು" ಎಂದು ಹಾರೆ ಗೊಣಗಿದ. ಜಿಂಕೆ ವೇದಿಕೆಯಿಂದ ಇಳಿದು ಬಂದು ಅವನೆದುರು ನಿಂತ. ಹಾರೆ ಅವನ ಬಲಗೈ ಎಳೆದುಕೊಂಡು ಗೆಣ್ಣನ್ನು ಒತ್ತಿ ನೋಡಿ, "ಚಳಿಗೆ ನೋಯುತ್ತಾ?" ಎಂದು ಕೇಳಿದ. "ನೋಯುತ್ತಣ್ಣ" ಎಂದ ಜಿಂಕೆ. ಎಷ್ಟೋ ದೊಡ್ಡ ಪಂದ್ಯಗಳನ್ನು ರಿಂಗಿನ ಪಕ್ಕದಲ್ಲೇ ನಿಂತು ನೋಡಿದ್ದೇನೆ ಕಣೋ, ಇಷ್ಟು ದೊಡ್ಡದನ್ನು ಕಂಡಿರಲಿಲ್ಲ. ಹಾರೆಯ ಮುಂದೆ ನಾವೆಲ್ಲ ಎಷ್ಟು ಸಣ್ಣವರು ಅನ್ನಿಸಿತು.

ಯಾರು ಗೆಲ್ಲುತ್ತಿದ್ದರೆಂದು ಕೈ ಎತ್ತಿಸುವ ಕಾರ್ಯಕ್ರಮವಿತ್ತು, ಅದು ಯಾರಿಗೂ ನೆನಪಾಗಲಿಲ್ಲ. ನೀನು ಕುಣಿದಾಡಬೇಡ. ಕೈ ನೆಟ್ಟಗಿದ್ದಿದ್ದರೆ ಜಿಂಕೆಯೇ, ಪಾಯಿಂಟ್ಸ್ ಮೇಲೆ.

ಬೈಯಬೇಕೆಂದರೆ ಬಾ, ಕೇಳಿಸಿಕೊಳ್ಳುತ್ತೇನೆ. ಆದರೆ ಮೊದಲು ಒಂದು ಕೆಲಸವಿದೆ. ಹೊರಡುವಾಗ ಹಾರೆಯ ಮಗಳು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, "ಚಿಕ್ಕವಳಿದ್ದಾಗ ಅಪ್ಪನ್ನ ಹೇಡಿ ಅಂದಿದ್ದೆ ಮಾಮ, ಆಗಲೂ ನನಗೆ ಹೇಳಲಿಲ್ಲ" ಎಂದಳು. ಅಪ್ಪ ಅವತ್ತು ಆಡಿದ ಒಂದೊಂದು ಮಾತೂ ಬೇಕಂತೆ ಅವಳಿಗೆ. ನಾನು ಹೇಳಿದ್ದು ನಿನ್ನಿಂದ ಕೇಳಿದ್ದು. ಅವತ್ತು ಹಾರೆಯ ಕೋಣೆಯಲ್ಲಿ ಅವನ ಜೊತೆ ಇದ್ದವನು ನೀನೊಬ್ಬನೇ. ನಿನ್ನ ವಿಳಾಸ ಕೊಟ್ಟಿದ್ದೇನೆ, ಭಾನುವಾರ ಬರುತ್ತಾಳೆ. ಏನನ್ನೂ ಬಿಡದೆ ಹೇಳು.

ನಿನ್ನ ಮಂಡಿ ಗಟ್ಟಿಯಾಗಲಿ, ನಾಲಗೆ ಈಗಿನಷ್ಟೇ ಹರಿತವಾಗಿ ನೂರು ಕಾಲ ಬಾಳಲಿ.

ನಿನ್ನ ಹಳೆಯ ಎದುರು ವಕೀಲ