ಬರೆಯದೆ ಬಿಟ್ಟ ಬುಧವಾರಗಳು

ಮಾರ್ಚ್ 4, ಬುಧವಾರ

ಮತ್ತೆ ಹಿಮ. ಲೈಲ್ ಕಾರು ತಂದಾಗ ಎಂಟೂವರೆ. ಮನಸ್ಸಿನ ಕಾಯಿಲೆಯವರ ಕರೆ ಬಂದರೆ ಹೋಗಲು ಪೊಲೀಸು ಅವನೊಬ್ಬ, ನರ್ಸು ನಾನೊಬ್ಬಳು, ಒಂದೇ ಕಾರು. ನಾಲ್ಕು ವರ್ಷವಾದರೂ ಅರ್ಧ ಊರಿಗೆ ನಾವು ಗಂಡ-ಹೆಂಡತಿ.

ಹತ್ತಕ್ಕೆ ವೆಂಡೆಲ್ ಮನೆ, ಲಾಂಡ್ರಿ ಅಂಗಡಿಯ ಮೇಲೆ. ಎಂದಿನ ಕ್ರಮ — ಲೈಲ್ ಟೋಪಿ ತೆಗೆದು ಮೆಟ್ಟಿಲ ಕೆಳಗೆ. ನಾನು ಮೆಲ್ಲಗೆ ಮೂರು ಸಲ ತಟ್ಟಿ, ಹೆಸರು ಹೇಳಿ, ಕಾಯುವುದು. ಜೋರಾಗಿ ಬಡಿದರೆ ಅವನ ತಲೆಯೊಳಗಿನ ದನಿಗಳು ಏಳುತ್ತವೆ. ಹಿಂದೊಮ್ಮೆ ಇಬ್ಬರು ಪೊಲೀಸರು ಬಾಗಿಲು ಗುದ್ದಿದ್ದರು. ಇವನು ಕಿಟಕಿಯಿಂದ ಹಾರಿ ಸೊಂಟ ಮುರಿದುಕೊಂಡ.

ಇವತ್ತು ಗಡ್ಡ ಬೋಳಿಸಿದ್ದ. ಕುಡಿತ ಬಿಟ್ಟು ಮೂರನೇ ತಿಂಗಳು. ಕಾಫಿ ಕುಡಿದೆವು. ಯಾರೂ ತುರ್ತು ನಂಬರ್ 911ಕ್ಕೆ ಕರೆ ಮಾಡಿರಲಿಲ್ಲ, ಹಾಗಾಗಿ ದಾಖಲೆಯಲ್ಲಿ ಬರೆಯಲಿಲ್ಲ. ಕಾಫಿ ಕುಡಿದದ್ದನ್ನು ಯಾರು ಬರೆಯುತ್ತಾರೆ.

ಮಾರ್ಚ್ 12

ಸರ್ಕಾರದವರು ವರದಿ ಕೇಳಿದ್ದಾರೆ. ನಮ್ಮ ಅನುದಾನ ಇದೇ 31ರವರೆಗೆ. ದಾಖಲೆ ತೆಗೆದು ನೋಡಿದೆ... ಹೋದ ವರ್ಷದ ಅರ್ಧದಷ್ಟೂ ಕರೆಗಳಿಲ್ಲ. ಖುಷಿಯಾಯಿತು. ಲೈಲ್‌ಗೆ ಆಗಲಿಲ್ಲ.

"ಹಿಗ್ಗಬೇಡ ಓಡೆಟ್. ಅಲ್ಲಿ ಕೂತೋರಿಗೆ ಕಾಣೋದು ಒಂದೇ. ಊರಲ್ಲಿ ಎಲ್ರಿಗೂ ವಾಸಿಯಾಗಿದೆ, ಇವ್ರಿಗ್ಯಾಕೆ ದುಡ್ಡು ಅಂತಾರೆ."

ವೆಂಡೆಲ್ ಫೈಲು ಡಿಸೆಂಬರ್‌ನಲ್ಲೇ ಮುಚ್ಚಿದೆ. ಕರೆ ಇಲ್ಲ ಎಂದು ನಾನೇ ಮುಚ್ಚಿದ್ದು. ಆಮೇಲೂ ಹೋದ ಅಷ್ಟೊಂದು ಬುಧವಾರಗಳು, ದಾಖಲೆಯಲ್ಲಿ ಒಂದೂ ಇಲ್ಲ. ಅವನಂಥವರು ಇನ್ನೆಷ್ಟು ಮಂದಿ.

"ಈಗ ಸೇರಿಸ್ಬಿಡ್ತೀನಿ."

"ಹಳೇ ತಾರೀಖು ಹಾಕಿದ್ರೆ ನಿನ್ನ ಲೈಸೆನ್ಸೇ ಹೋಗುತ್ತೆ, ಸುಮ್ನಿರು."

ಮಾರ್ಚ್ 25, ಬುಧವಾರ

ಪತ್ರ ಬಂತು. 'ಬೇಡಿಕೆ ಇಳಿದಿರುವುದರಿಂದ' ಅನುದಾನ ಮುಂದುವರಿಸುವುದಿಲ್ಲ. ನಾನು ವಾಪಸ್ ಆಸ್ಪತ್ರೆ ವಾರ್ಡಿಗೆ. ಲೈಲ್ ಠಾಣೆಗೆ.

ವೆಂಡೆಲ್‌ಗೆ ಹೇಳಿದೆ. ಕಪ್ ಕೆಳಗಿಟ್ಟ.

"ನಾನು ಚೆನ್ನಾಗಿದೀನಿ ಅಂತ ನಿಮ್ಮನ್ನ ತೆಗೀತಾರಾ ಸಿಸ್ಟರ್?"

"ನೀವು ಫೋನೇ ಮಾಡಲ್ವಲ್ಲ. ಫೋನ್ ಬಂದ್ರೆ ಮಾತ್ರ ಲೆಕ್ಕ."

"ಎಂಥಾ ಫೋನು?"

"ಚಾಕು ಹಿಡ್ಕೊಂಡಿದಾನೆ, ಬೇಗ ಬನ್ನಿ... ಅಂಥದ್ದು. ಅದಕ್ಕಾದ್ರೆ ಎಲ್ರೂ ಓಡಿ ಬರ್ತಾರೆ."

ನಗುತ್ತ ಹೇಳಿದ್ದು. ಅವನು ನಗಲಿಲ್ಲ, ತಲೆಯಾಡಿಸಿದ. ಪತ್ರದ ಸಿಟ್ಟಿನಲ್ಲಿದ್ದೆ, ಆಗ ಹೆಚ್ಚು ಗಮನ ಕೊಡಲಿಲ್ಲ.

ಮಾರ್ಚ್ 30

ವೆಂಡೆಲ್ ಬಾಗಿಲಿನ ಕ್ರಮವನ್ನು ಹಾಳೆಯಲ್ಲಿ ಬರೆದು ಠಾಣೆಗೆ ಕೊಟ್ಟೆ. ಮೂರು ಸಲ ತಟ್ಟಬೇಕು. ಹೆಸರು ಹೇಳಬೇಕು. ಕಾಯಬೇಕು. ಸಾರ್ಜೆಂಟ್ ಮಡಚಿ ಜೇಬಿಗೆ ಹಾಕಿಕೊಂಡ. "ನೋಡೋಣ" ಎಂದ.

ಭಯವಾಗುತ್ತಿದೆ.

ಏಪ್ರಿಲ್ 1, ಬುಧವಾರ, ಬೆಳಿಗ್ಗೆ 10:25

ನಾಳೆಯಿಂದ ವಾರ್ಡು. ಇವತ್ತು ಮನೆಯಲ್ಲೇ. ಈಗಷ್ಟೇ ಲೈಲ್ ಫೋನ್ ಮಾಡಿದ್ದ, ಠಾಣೆಯಿಂದ.

ವೆಂಡೆಲ್ 911ಕ್ಕೆ ಕರೆ ಮಾಡಿದನಂತೆ. ಚಾಕು ಹಿಡ್ಕೊಂಡಿದೀನಿ, ಬೇಗ ಬನ್ನಿ ಅಂದನಂತೆ. ಆಮೇಲೆ ಫೋನ್ ಎತ್ತಿದವಳನ್ನು ಮೆಲ್ಲಗೆ ಕೇಳಿದನಂತೆ — "ಬರ್ಕೊಂಡ್ರಾ? ಸಿಸ್ಟರ್ ಲೆಕ್ಕಕ್ಕೆ ಹಾಕಿ."

ಇಬ್ಬರು ಹೊಸಬರು ಹೋಗಿದ್ದಾರೆ. ಬಂದೂಕಿನವರು. ಆ ಹಾಳೆ ನೋಡಿದವರಲ್ಲ.

"ರೇಡಿಯೊದಲ್ಲಿ ಹೇಳ್ತಾನೇ ಇದೀನಿ ಓಡೆಟ್, ಗುದ್ದಬೇಡಿ, ಮೆಲ್ಲಗೆ ತಟ್ಟಿ ಅಂತ. ಉತ್ತರ ಇಲ್ಲ. ನೀನು ಹೊರಡಬೇಡ, ತಲುಪಲ್ಲ. ಫೋನ್ ಹತ್ರಾನೇ ಇರು."

ಕೂತು ಬರೆಯುತ್ತಿದ್ದೇನೆ. ನಾನೇ ಹೇಳಿಕೊಟ್ಟೆ. ಒಂದೊಂದು ಮಾತೂ ನಾನೇ. ಹತ್ತಕ್ಕೆ ಎರಡು ಕಪ್ ತೆಗೆದಿಟ್ಟಿರುತ್ತಾನೆ. ಮೆಟ್ಟಿಲ ಸದ್ದಿಗೆ ನಾನೇ ಬಂದೆ ಎಂದುಕೊಂಡರೆ... ಮನೆಯಲ್ಲಿರುವುದು ಬೆಣ್ಣೆ ಸವರುವ ಚಾಕು ಒಂದೇ. ಬ್ರೆಡ್ ತಿನ್ನಲಿ ಎಂದು ನಾನು ತಂದುಕೊಟ್ಟದ್ದು. ಹೇಳಿದ್ದು ನಿಜವಾಗಲಿ ಎಂದು ಅದನ್ನೇ ಕೈಯಲ್ಲಿ ಹಿಡಿದು ಬಾಗಿಲು ತೆಗೆದರೆ

ಫೋನ್ ಹೊಡೆಯುತ್ತಿದೆ. ಲೈಲ್