ತೊಳೆಯದ ಆರು ತಾಟು

೧೪ ನವೆಂಬರ್, ಗುರುವಾರ. ಬೀಳಗಿ

ಅಕ್ಕ ಅವ್ವನ ಆಣೆ ಹಾಕಿ ಸುಳ್ಳು ಹೇಳಿದ್ದಳು. ಮಧ್ಯಾಹ್ನದಿಂದ ತಲೆಯಲ್ಲಿ ಇದೊಂದೇ.

ವರ್ಗವಾಗಿ ಹೋದ ಮಾಸ್ತರರೊಬ್ಬರ ಮನೆಯ ಆರು ಸ್ಟೀಲ್ ತಾಟುಗಳನ್ನು ನನಗೆಂದು ಅವಳೇ ಕೊಂಡು ತಂದಿದ್ದಳು. ಅವ್ವ ಆಸ್ಪತ್ರೆಯಲ್ಲಿ ನಂಜೇರಿ ತೀರಿಹೋದ ಮೇಲೆ, ಬೇರೆಯವರು ಬಳಸಿದ್ದನ್ನು ನಾನು ಏಳು ಸಲ ತೊಳೆಯದೆ ಮುಟ್ಟುವುದಿಲ್ಲ. ಅದು ಅವಳಿಗೆ ಗೊತ್ತು. "ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿ, ಕುದಿಯೋ ನೀರಾಗ ಅದ್ದಿ ತಗದೇನಿ. ಅವ್ವನ ಆಣಿ" ಅಂದಿದ್ದಳು. ಅವ್ವನ ಹೆಸರು ಬಂತಲ್ಲ, ನಂಬಿದೆ. ಎರಡು ವರ್ಷದಲ್ಲಿ ಮೊದಲ ಸಲ, ತಂದ ತಾಟನ್ನು ಹಾಗೆಯೇ ತೆಗೆದುಕೊಂಡು ಉಂಡೆ. ಉಂಡ ಮೇಲೆ ಎಲ್ಲರ ಹಾಗೆ ಒಂದೇ ಸಲ ತೊಳೆದಿಟ್ಟೆ. ನಾಲ್ಕು ದಿನಕ್ಕೆ ಕೈಯ ಬಿರುಕುಗಳು ಮಾಯತೊಡಗಿದ್ದವು.

ಇವತ್ತು ಮನೆಗೆ ಬಂದ ಅಕ್ಕ ಪಕ್ಕದ ಮನೆಯ ರಾಧಿಕಾಳ ಎದುರಿಗೇ ನಕ್ಕಳು. "ಒಂದ ಹನಿ ನೀರ ಸೈತ ತಾಗಿಸಿಲ್ಲ ತಗೀಬೇ. ಚೀಲದಾಗ ಹೆಂಗ ಬಂದಿದ್ವು ಹಂಗ ಕೊಟ್ಟೆ. ನಾಕ ದಿನಾ ಉಂಡಿ, ಸತ್ತೀಯೇನ?"

ಸತ್ತಿಲ್ಲ. ಹೊಟ್ಟೆ ಕೂಡ ನೋಯಲಿಲ್ಲ. ಅವಳು ಗೆದ್ದಳು. ಆದರೆ ನಾನು ತೊಳೆಯದೆ ಒಳಗೆ ಬಿಟ್ಟುಕೊಳ್ಳುತ್ತಿದ್ದದ್ದು ಅವಳ ಮಾತೊಂದನ್ನೇ.

ಈಗ ಫೋನ್ ಮಾಡಿದ್ದಳು. "ಊಟಾ ಆತೇನ ತಂಗಿ?"

"ಆತು" ಅಂದೆ. ಒಲೆಯನ್ನೇ ಹಚ್ಚಿರಲಿಲ್ಲ. ಅಕ್ಕನಿಗೆ ಸುಳ್ಳು ಹೇಳುವುದು ಇಷ್ಟು ಸಲೀಸು ಎಂದು ಗೊತ್ತಿರಲಿಲ್ಲ. ಅವತ್ತು ಅವಳ ಬಾಯಿಗೂ ಹೀಗೇ ಬಂದುಬಿಟ್ಟಿರಬೇಕು. ಆದರೂ ಅವ್ವನ ಹೆಸರು ಹಿಡಿದು...