ಏಣಿ ಮೇಲಿನ ಆರು ಗಂಟೆ

ಭಾನುವಾರ, ಬೆಳಿಗ್ಗೆ

ಪ್ರೀತಿಯ ಅಕ್ಕ,

ಅರ್ಧ ಪೇಂಟರ್ ತಮ್ಮನ ನಮಸ್ಕಾರ. ಒಂದೇ ಷರತ್ತು: ಪತ್ರ ಮುಗಿಯುವ ತನಕ ಕುರ್ಚಿ ಬಿಟ್ಟು ಏಳಬಾರದು.

ಆ ಬಿರುದು ಕೊಟ್ಟವಳು ನೀನೇ. ಜೀವನವಿಡೀ ಅಂಗಡಿಗಳಿಗೆ ಬೋರ್ಡ್ ಬರೆದೆ, ಆದರೆ ಏಣಿಯ ಎರಡನೇ ಮೆಟ್ಟಿಲಿಗೇ ತಲೆ ಗಿರ್ರೆನ್ನುತ್ತಿತ್ತು. ಹಾಗಾಗಿ ತಲೆಕಟ್ಟು ಹೆಂಡತಿಯದು, ಒತ್ತಕ್ಷರ ನನ್ನದು. ಅವಳು ಮೇಲೆ, ನಾನು ಕೆಳಗೆ ಏಣಿ ಹಿಡಿದುಕೊಂಡು. ಇದೇ ನಮ್ಮ ಸಂಸಾರ.

ಹೋದ ಸಲ ಫೋನಿನಲ್ಲಿ ನೀನು ಅಂದೆ: "ನನ್ನ ಬಾಗಿಲ ಮೇಲಿನ ಬೋರ್ಡು ಇನ್ನೂ ಬೋಳಾಗೇ ಇದೆ ಕಣೋ. ನೀನೇ ಬಂದು ಬರೀಬೇಕು ಅಂತ ಆಸೆ ಇತ್ತು. ಎಂಟು ಸಾವಿರ ಕಿಲೋಮೀಟರ್ ಹಾರೋದಿರಲಿ, ಎಂಟು ಮೆಟ್ಟಿಲು ಹತ್ತು ನೋಡೋಣ. ವಯಸ್ಸಾಯ್ತು, ಕಾಯೋದು ಬಿಟ್ಟೆ." ಆ ಕೊನೆಯ ಮಾತು ಕೇಳಿದ್ದೇ ಫೋನಿಟ್ಟು ಹೊರಟೆ.

ನಮ್ಮಿಬ್ಬರಿಗೂ ಟಿಕೆಟ್ ತೆಗೆದೆ. ಹೊರಡುವುದು ಬೆಳಿಗ್ಗೆ ಎಂಟು, ಇಳಿಯುವುದು ಮಧ್ಯಾಹ್ನ ಎರಡು. ಅಂದರೆ ಆರು ಗಂಟೆ. ಅಷ್ಟು ಹೊತ್ತು ಏಣಿ ತುದಿಯಲ್ಲಿ ಕೂತವನಿಗೆ ವಿಮಾನ ಯಾವ ಲೆಕ್ಕ ಅಂತ ನಮ್ಮ ಅಂಗಡಿಯಲ್ಲೇ ಅಭ್ಯಾಸಕ್ಕೆ ಇಳಿದೆ. ಇಳಿದೆ ಏನು, ಹತ್ತಿದೆ. ದಿನಕ್ಕೊಂದು ಮೆಟ್ಟಿಲು, ಸೊಂಟಕ್ಕೊಂದು ಬೆಲ್ಟು. ಪಕ್ಕದ ಕಟಿಂಗ್ ಶಾಪಿನವನು ಇಣುಕಿ, "ಏನಜ್ಜ, ಮೋಕ್ಷಕ್ಕೆ ಹೊರಟ್ರಾ?" ಎಂದ. "ಅದಕ್ಕೆ ಟಿಕೆಟ್ ಸಿಗ್ಲಿಲ್ಲಪ್ಪ, ಅಕ್ಕನ ಮನೆಗೆ" ಎಂದೆ. ಹೆಂಡತಿ ಗಗನಸಖಿಯಾಗಿ ಹಗ್ಗಕ್ಕೆ ಡಬ್ಬ ಕಟ್ಟಿ ಮೇಲೆ ಕಳಿಸುತ್ತಾ ಕೇಳುತ್ತಿದ್ದಳು: "ಸಾರ್‌ಗೆ ಟೀನಾ, ಟರ್ಪೆಂಟೈನಾ?" ಕೊನೆಗೊಂದು ದಿನ ಆರು ಗಂಟೆ ಪೂರ್ತಿ ಕೂತೆ, ಅಕ್ಕ. ಬೀದಿಯೇ ಚಪ್ಪಾಳೆ ತಟ್ಟಿತು.

ವಿಮಾನದಲ್ಲೂ ಹಾಗೇ ಕಣ್ಣುಮುಚ್ಚಿ ಕೂತೆ. ಕೈಗಡಿಯಾರ ಎರಡು ತೋರಿಸಿದ್ದೇ ತಡ, ಶೂ ಹಾಕಿ, ಚೀಲ ತಬ್ಬಿಕೊಂಡು ಎದ್ದು ನಿಂತೆ.

"ಕೂತ್ಕೊಳ್ಳಿ ತಾತ, ಇನ್ನೂ ನಾಲ್ಕೂವರೆ ಗಂಟೆ ಇದೆ" ಎಂದಳು ನಿಜವಾದ ಗಗನಸಖಿ.

"ಟಿಕೆಟ್‌ನಲ್ಲಿ ಎರಡಕ್ಕೆ ಅಂತಿದೆಯಲ್ಲಮ್ಮ?"

"ಅದು ಅಲ್ಲಿನ ಎರಡು ಗಂಟೆ. ಅಲ್ಲೀಗ ಇನ್ನೂ ಬೆಳಿಗ್ಗೆ ಒಂಬತ್ತೂವರೆ."

ಆರು ಗಂಟೆಯ ಧೈರ್ಯ ಅಲ್ಲೇ ಆರಿಹೋಯಿತು. ಉಳಿದ ನಾಲ್ಕೂವರೆ ಗಂಟೆಗೆ ನಾನು ಅಭ್ಯಾಸವನ್ನೇ ಮಾಡಿರಲಿಲ್ಲವಲ್ಲ. ಹೆಂಡತಿಯ ಕಡೆ ತಿರುಗಿದೆ. ಯಾವ ಎತ್ತರಕ್ಕೂ ಜಗ್ಗದವಳು ಸೀಟಿನ ಕೈ ಹಿಡಿದು ಬಿಳಿಚಿಕೊಂಡಿದ್ದಳು.

"ಏಣಿ ಹತ್ತಿದಾಗ ಕೆಳಗೆ ನೀವು ಹಿಡ್ಕೊಂಡಿರ್ತಿದ್ರಿ" ಎಂದಳು ಮೆಲ್ಲಗೆ. "ಇದನ್ನ ಯಾರು ಹಿಡ್ಕೊಂಡಿದಾರೆ?"

"ನಾನೇ" ಎಂದು ಅವಳ ಕೈ ಹಿಡಿದೆ. ಇಳಿಯುವವರೆಗೂ ಬಿಡಲಿಲ್ಲ. ಒಬ್ಬರು ಹಿಡಿದುಕೊಳ್ಳಲೇಬೇಕಾದಾಗ ಹೆದರಲು ಪುರುಸೊತ್ತೆಲ್ಲಿ? ಕಿಟಕಿ ತೆರೆದು ಕೆಳಗೂ ನೋಡಿದೆ. ಮೋಡಗಳೆಲ್ಲ ನನ್ನ ಕಾಲ ಕೆಳಗೆ, ಒತ್ತಕ್ಷರದ ಹಾಗೆ.

ಇನ್ನು ಯಾರಾದರೂ ಅರ್ಧ ಅಂದರೆ ಜಗಳವೇ.

ನಿನ್ನ ಪೂರ್ತಿ ಪೇಂಟರ್,
ತಮ್ಮ

ತಾ.ಕ.: ಲಕೋಟೆಗೆ ಅಂಚೆಚೀಟಿ ಇಲ್ಲ, ನೋಡಿದೆಯಾ? ಬಾಗಿಲ ಸಂದಿಯಿಂದ ತಳ್ಳಿದವಳು ನನ್ನ ಹೆಂಡತಿ. ನೀನು ನಿಧಾನವಾಗಿ ಓದುವವಳು ಅಂತಲೇ ಉದ್ದ ಬರೆದೆ, ಅಷ್ಟರಲ್ಲಿ ನನ್ನ ಕೆಲಸ ಮುಗಿಯಲಿ ಅಂತ. ಈಗ ಹೊರಗೆ ಬಂದು ತಲೆ ಎತ್ತಿ ನೋಡು. ಬೋರ್ಡಿನಲ್ಲಿ ನಿನ್ನ ಹೆಸರಿದೆ, ತಲೆಕಟ್ಟೂ ನನ್ನದೇ. ಕೆಳಗೆ ಏಣಿ ಹಿಡಿದಿರುವವಳು ಅವಳು. ಬೇಗ ಬಾ ಅಕ್ಕ. ಹತ್ತುವುದಷ್ಟೇ ಕಲಿತಿದ್ದೇನೆ, ಇಳಿಯುವುದು ಇನ್ನೂ ಬಂದಿಲ್ಲ.